ಇಡುವವರು, ತರುವವರು

ಪರವಾನಗಿ ಕೇಳಿಕೊಂಡು ನನ್ನ ಮೇಜಿನ ಮುಂದೆ ಬಂದವರಿಗೆ ನಾನು ಮೊದಲು ಕೇಳುವುದು ಹೆಸರಲ್ಲ, ವಿಳಾಸವಲ್ಲ. "ಆ ಜಾಗಕ್ಕೆ ಈ ಮೊದಲು ಹೋಗಿದ್ದೀರಾ?" ಎಂದು ಕೇಳುತ್ತೇನೆ. ಊರಿಗೆ ಹೊಸಬರಾದವರು ಕಕ್ಕಾಬಿಕ್ಕಿಯಾಗುತ್ತಾರೆ. ಊರಿನವರು ಮಾತ್ರ ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಕಾಡನ್ನೆಲ್ಲ ಒಮ್ಮೆ ಸುತ್ತಿ ಬಂದು ಆಮೇಲೆ ಉತ್ತರ ಹೇಳುತ್ತಾರೆ. ಈ ಕಾಡಿನಲ್ಲಿ ಯಾವ ಜಾಗಕ್ಕಾದರೂ ಒಬ್ಬ ಮನುಷ್ಯ ಒಂದೇ ಸಲ ಹೋಗಬಹುದು. ನಡುವೆ ಹಾಯುವ ಬಂಡಿದಾರಿ ಎಲ್ಲರದು. ಅದರ ಮೇಲೆ ಎಷ್ಟು ಸಲವಾದರೂ ಓಡಾಡಿ. ಬಂಡಿದಾರಿ ಬಿಟ್ಟು ಕೆಳಗಿಳಿದಿರೋ, ಹಾದುಹೋದ ನೆಲವಲ್ಲ, ನೀವು ಹೋಗಿ ಮುಟ್ಟಿದ ಜಾಗ ನಿಮ್ಮ ಪಾಲಿಗೆ ಖರ್ಚಾಯಿತು. ಎರಡನೆಯ ಸಲ ಅದೇ ಹಳ್ಳ, ಅದೇ ಬಂಡೆ ಹುಡುಕಿಕೊಂಡು ಹೊರಟರೆ ಮುಳ್ಳು ಅಡ್ಡ ಬರುವುದಿಲ್ಲ, ಮಂಜು ಕವಿಯುವುದಿಲ್ಲ. ಸುಮ್ಮನೆ ನಡೆಯುತ್ತ ನಡೆಯುತ್ತ ಕಾಡಿನ ಅಂಚಿನ ಇಟ್ಟಿಗೆ ಭಟ್ಟಿಯ ಹಿಂದೆ ಹೊರಬಿದ್ದಿರುತ್ತೀರಿ. ಭಟ್ಟಿಯ ಕೆಲಸಗಾರರು ಅಂಥವರನ್ನು ನೋಡಿ ನಗುವುದನ್ನೂ ಬಿಟ್ಟಿದ್ದಾರೆ. ನೀರು ಬೇಕೇ ಎಂದು ಕೇಳುತ್ತಾರೆ, ಅಷ್ಟೆ.

ನಾನು ಓದಿದ್ದು ಸಸ್ಯಶಾಸ್ತ್ರ. ಒಂದೇ ಸಲ ತೆಗೆದ ಅಳತೆ ಅಳತೆಯೇ ಅಲ್ಲ ಎಂದು ಕಾಲೇಜಿನಲ್ಲಿ ನಮಗೆ ಕಲಿಸಿದ್ದರು. ಈ ಊರಿಗೆ ಬಂದ ಹೊಸತರಲ್ಲಿ ಗೂಟ, ದಾರ ಹಿಡಿದು ಹೋಗಿ ಕಾಡಿನೊಳಗೆ ಒಂದು ಚೌಕ ಗುರುತು ಮಾಡಿ, ಅದರಲ್ಲಿದ್ದ ಸಸಿಗಳನ್ನೆಲ್ಲ ಬರೆದುಕೊಂಡು ಬಂದಿದ್ದೆ. ಮಳೆಗಾಲ ಮುಗಿದ ಮೇಲೆ ಅವೇ ಸಸಿಗಳನ್ನು ಮತ್ತೆ ನೋಡಲು ಹೊರಟವಳು ಭಟ್ಟಿಯ ಹಿಂದೆ ಬಂದು ನಿಂತೆ. ನಮ್ಮ ಕಚೇರಿಯ ಕಾವಲುಗಾರ ಜಮಾಲಸಾಬ ಅಲ್ಲಿಗೇ ಚಹಾ ತಂದುಕೊಟ್ಟ. "ಕಾಡಿಗಿ ಒಮ್ಮಿ ಕೇಳಿದ್ರ ಹೇಳತೈತ್ರಿ ಮೇಡಂ. ಅದನ್ನ ತಿರುಗಿ ಕೇಳಿದ್ರ ಅದಕ್ಕ ಸಿಟ್ಟು ಬರತೈತಿ. ನಮ್ಮ ಮನಿಯಾಕಿನೂ ಹಂಗ," ಎಂದ. ಆ ದಾರದ ಉಂಡೆ ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ. ಆಮೇಲೆ ಪರವಾನಗಿಯ ಕೆಲಸ ನನಗೆ ಬಂತು.

ಪರವಾನಗಿ ಕೊಡುವುದು ಡಬ್ಬಿಗಳಿಗೆ. ಒಳ್ಳೆಯ ಜಾಗವೊಂದನ್ನು ಕಂಡವರಿಗೆ ಮತ್ತೆ ಅಲ್ಲಿಗೆ ಹೋಗುವ ಭಾಗ್ಯವಿಲ್ಲವಷ್ಟೆ. ಆದ್ದರಿಂದ ಅಲ್ಲೊಂದು ಸ್ಟೀಲಿನ ಡಬ್ಬಿ ಅಡಗಿಸಿಟ್ಟು ಬಂದು, ತಮಗೆ ಬೇಕಾದವರಿಗೆ ದಾರಿ ಹೇಳಿ ತರಲು ಕಳಿಸುತ್ತಾರೆ. ಡಬ್ಬಿಯಲ್ಲಿರುವುದು ರಿಬ್ಬನ್ನು, ಬುಗುರಿ, ಬಾಚಣಿಗೆಯಂಥ ಚಿಲ್ಲರೆ ಸಾಮಾನು. ತರುವುದು ಬರೀ ನೆವ, ತೋರಿಸಬೇಕಾಗಿರುವುದು ಜಾಗವನ್ನು. ಹೀಗಾಗಿ ದಾರಿ ಹೇಳುವುದರಲ್ಲಿ ಈ ಊರಿನವರನ್ನು ಮೀರಿಸುವವರಿಲ್ಲ. ಬಸ್ ನಿಲ್ದಾಣ ಎಲ್ಲಿ ಎಂದು ಕೇಳಿದರೂ ನೆರಳು ಯಾವ ಕಡೆ ಬಿದ್ದಿರುತ್ತದೆ, ಯಾವ ಅಂಗಡಿಯ ಮುಂದೆ ಎಣ್ಣೆಯ ವಾಸನೆ ಬರುತ್ತದೆ ಎನ್ನುವುದರಿಂದ ಶುರು ಮಾಡುತ್ತಾರೆ. ನಮ್ಮ ಕಚೇರಿಯ ನಿಯಮಗಳು ಕಾಡಿನ ಹಿತಕ್ಕೆ ಸಂಬಂಧಪಟ್ಟವು. ನೆಲ ಅಗೆಯುವಂತಿಲ್ಲ, ಮರಕ್ಕೆ ಮೊಳೆ ಹೊಡೆಯುವಂತಿಲ್ಲ. ತಿನ್ನುವ ಪದಾರ್ಥ ಇಡಬಾರದು, ಏಕೆಂದರೆ ಡಬ್ಬಿ ತೆರೆಯಲು ಕಲಿತ ಕರಡಿ ನಾಳೆ ಅಡುಗೆಮನೆ ಬಾಗಿಲನ್ನೂ ತೆರೆಯುತ್ತದೆ. ಗಾಜು ಇಡಬಾರದು, ಮುಚ್ಚಳ ಬಿಚ್ಚಿಹೋಗಿ ಬಿಸಿಲು ಗಾಜಿನಲ್ಲಿ ಹಾಯ್ದರೆ ಒಣ ಎಲೆಗೆ ಕಿಡಿ ಹತ್ತುತ್ತದೆ. ಪರವಾನಗಿಯ ಮೇಲೆ ಎರಡು ಹೆಸರು ಇರಲೇಬೇಕು: ಇಡುವವರು, ತರುವವರು. ತರುವವರು ಆ ಜಾಗ ಕಾಣದವರಾಗಿರಬೇಕು. ಬೇಸಿಗೆಯ ಬೆಂಕಿಗೆ ಹೆದರಿ ನಾವು ಕಾಡಿನ ಗೇಟು ಮುಚ್ಚುವುದರೊಳಗೆ ಡಬ್ಬಿ ಹೊರಗೆ ಬರದಿದ್ದರೆ ಇಬ್ಬರಿಗೂ ಮುಂದೆ ಪರವಾನಗಿ ಇಲ್ಲ. ತರುವವರು ಹೋಗಿದ್ದೂ ಹೋಗಿಲ್ಲ ಎಂದು ಸುಳ್ಳು ಹೇಳಿದ್ದರಂತೂ ಅವರ ಹೆಸರು ಕಚೇರಿಯ ಮುಂದಿನ ಕರಿಹಲಗೆ ಏರುತ್ತದೆ.

ಮದುವೆ ಗೊತ್ತಾದವರ ಡಬ್ಬಿಯೇ ಬೇರೆ. ಅದನ್ನು ಹುಡುಗಿ ಇಟ್ಟು ಬರಬೇಕು, ಹುಡುಗ ತರಬೇಕು. ನಮ್ಮ ಕಚೇರಿಯ ಪಡಸಾಲೆಯಲ್ಲಿ ಎರಡೂ ಕಡೆಯ ಹಿರಿಯರ ಎದುರು ಅವಳು ಒಂದೇ ಸಲ ದಾರಿ ಹೇಳುತ್ತಾಳೆ. ಒಂದು ಗುರುತನ್ನು ಮಾತ್ರ ಯಾರಿಗೂ ಹೇಳದೆ ಉಳಿಸಿಕೊಳ್ಳುತ್ತಾಳೆ. ಅದಕ್ಕೆ ಒಳಗುರುತು ಎನ್ನುತ್ತಾರೆ. ಹುಡುಗ ಡಬ್ಬಿ ತಂದು ಒಳಗುರುತನ್ನು ಹೇಳಿದರೆ ತಾನೇ ಹೋಗಿದ್ದ, ಗೆಳೆಯನನ್ನು ಕಳಿಸಿರಲಿಲ್ಲ ಎಂದು ಖಾತ್ರಿ. ಇದು ಕಾಲಿನ ಪರೀಕ್ಷೆಯಲ್ಲ, ಕಿವಿಯ ಪರೀಕ್ಷೆ ಎಂದು ಇಲ್ಲಿಯ ಹೆಂಗಸರು ಹೇಳುತ್ತಾರೆ. ಹೋದ ವರ್ಷ ಒಬ್ಬ ಗುಮಾಸ್ತ ಹೇಳಿದ್ದನ್ನೆಲ್ಲ ಕಲಸಿಕೊಂಡು ಯಾರದೋ ಡಬ್ಬಿ ತಂದ. ಎರಡೂ ಮನೆಯವರ ಎದುರು ಮುಚ್ಚಳ ತೆಗೆದರೆ ಅದರಲ್ಲಿ ಕೂಸಿನ ಕಾಲ್ಚೀಲ. ಅದನ್ನು ಬಿಡಿಸಿ ಹೇಳುವಷ್ಟರಲ್ಲಿ ಜಮಾಲಸಾಬನಿಗೆ ಸಾಕುಸಾಕಾಯಿತು. ಇನ್ನೊಂದು ನಂಬಿಕೆಯನ್ನೂ ಇಲ್ಲೇ ಹೇಳಬೇಕು. ಬಸುರಿ ಹೆಂಗಸು ಬಂಡಿದಾರಿ ಬಿಟ್ಟು ಇಳಿಯುವುದಿಲ್ಲ. ಇಳಿದರೆ ಹೊಟ್ಟೆಯಲ್ಲಿರುವ ಕೂಸಿನ ಜಾಗವೂ ಖರ್ಚಾಗುತ್ತದಂತೆ. ನಮ್ಮ ನಿಯಮಾವಳಿಯಲ್ಲಿ ಇದಿಲ್ಲ. ನಿಜವೋ ಸುಳ್ಳೋ ತಿಳಿಯಲು ಒಂದಾದರೂ ಉದಾಹರಣೆ ಬೇಕು. ಯಾರೂ ಇಳಿಯದ ಕಾರಣ ಉದಾಹರಣೆಯೇ ಇರಲಿಲ್ಲ.

ಮುತ್ತುಗದ ಮರ ಹೂಬಿಡುವ ದಿನಗಳಲ್ಲಿ ದ್ರಾಕ್ಷಾಯಣಿ ಮತ್ತು ಫಕೀರೇಶ ಪರವಾನಗಿಗೆ ಬಂದರು. ಅವಳು ಪೇಟೆಯ ಕನ್ನಡಕದ ಅಂಗಡಿಯಲ್ಲಿ ಚೌಕಟ್ಟಿಗೆ ಲೆನ್ಸು ಕೂರಿಸುವವಳು. ಎದುರಿಗಿದ್ದವರ ಮೂಗು, ಕಿವಿಗಳನ್ನು ಅಳೆಯುವ ಹಾಗೆ ನೋಡುವ ಅಭ್ಯಾಸ. ಅವನು ಆಟೋಗಳಿಗೆ ರೆಕ್ಸಿನ್ ಸೀಟು ಹೊಲಿಯುವವನು. ಬೆರಳಿನ ತುದಿಗಳೆಲ್ಲ ಸೂಜಿ ಚುಚ್ಚಿ ಜಡ್ಡುಗಟ್ಟಿದ್ದವು. ಅವಳು ಡಬ್ಬಿ ಇಡಲು ಹೋಗುವ ಕಡೆಯನ್ನು ತೋರಿಸಿ, ಅಲ್ಲಿಗೆ ಮೊದಲು ಹೋಗಿದ್ದೀರಾ ಎಂದು ಅವನನ್ನು ಕೇಳಿದೆ. "ಎಲ್ಲಿ ಹೋಗಲ್ರಿ ಮೇಡಂ? ರವಿವಾರನೂ ಸೀಟು ಹೊಲ್ಯೂದು. ಬಂಡಿದಾರಿ ಬಿಟ್ಟು ಒಮ್ಮಿನೂ ಇಳಿದಾವಲ್ಲ. ಇಡೀ ಕಾಡು ಹಂಗ ಉಳದೈತಿ ನನಗ," ಎಂದು ನಕ್ಕ. ಬಂಡಿದಾರಿ ಬಿಟ್ಟು ಇಳಿಯದ ಗಂಡಸು ಊರಿನಲ್ಲಿ ಬೇರೆ ಯಾರಿದ್ದಾರೆ ಎಂದು ಯೋಚಿಸುತ್ತಲೇ ಮೊಹರು ಹಾಕಿದೆ.

ಅವಳು ಡಬ್ಬಿ ಇಟ್ಟು ಬಂದ ಮೇಲೆ ಪಡಸಾಲೆಯಲ್ಲಿ ಜನ ಸೇರಿದರು. ದ್ರಾಕ್ಷಾಯಣಿಗೆ ತಂದೆಯಿಲ್ಲ. ಸಾಕಿದವನು ಸೋದರಮಾವ ಅಂದಾನೆಪ್ಪ, ಕಿರಾಣಿ ಅಂಗಡಿಯ ಭಾರಿ ಆಳು, ಮಾತೂ ಅಷ್ಟೇ ಭಾರ. ಫಕೀರೇಶನ ಕಡೆಯಿಂದ ಬಂದವಳು ತಾಯಿ ಕಲ್ಲವ್ವ ಒಬ್ಬಳೇ. ಜೋಳದ ರೊಟ್ಟಿ ಬಡಿದು ಮಾರಿ ಮಗನನ್ನು ಬೆಳೆಸಿದ ವಿಧವೆ. ಕಂಬಕ್ಕೆ ಒರಗಿ ಕೂತು, ಚಹಾದ ಲೋಟವನ್ನು ಸೆರಗಿನಿಂದ ಹಿಡಿದುಕೊಂಡಿದ್ದಳು.

ದ್ರಾಕ್ಷಾಯಣಿ ಹೇಳತೊಡಗಿದಳು. "ಬಂಡಿದಾರಿ ಹಿಡದು ಹೋಗ್ರಿ. ಹುಣಸಿಮರ ಒಂದು ಉರುಳಿ ಬಿದ್ದೈತಿ, ಅದರ ಬೇರು ಕೈ ಮಾಡಿ ಕರದಂಗ ಕಾಣತೈತಿ. ಅದು ಕರದ ಕಡೆ ಹೋಗಬ್ಯಾಡ್ರಿ, ಅದರ ಬೆನ್ನಿನ ಕಡೆ ಇಳೀರಿ. ಸಾಗವಾನಿ ಎಲಿ ಕಾಲಾಗ ಹಪ್ಪಳದಂಗ ಮುರೀತಾವು. ಆ ಸಪ್ಪಳ ಎಲ್ಲಿ ನಿಲ್ಲತೈತೋ ಅಲ್ಲೆ ನಿಲ್ರಿ. ಯಾವ ಗಲ್ಲಕ್ಕ ತಂಪು ಹತ್ತತೈತೋ ಆ ಕಡೆ ಹೊಳ್ಳರಿ. ಮುಂದ ನೆಲಾ ಏರತೈತಿ. ಉಸಿರು ಹತ್ತೂದ್ರಾಗ ಒಂದು ಮತ್ತಿಮರ ಬರತೈತಿ. ಮಸಳಿ ಚರ್ಮದಂಥ ತೊಗಟಿ. ಬುಡ ಒಂದ, ಸೊಂಟದ ಮ್ಯಾಲ ಎರಡಾಗೇತಿ. ಆ ಎರಡರ ನಡುವ ಹಾಯ್ದು ಹಿಂದ ನೋಡ್ರಿ." ಅಲ್ಲಿಗೆ ನಿಲ್ಲಿಸಿದಳು. ಫಕೀರೇಶ ಅಷ್ಟೂ ಹೊತ್ತು ತೊಡೆಯ ಮೇಲೆ ಬೆರಳಿನಿಂದ ಹೊಲಿಗೆಯ ಗೆರೆ ಎಳೆದಂತೆ ಎಳೆಯುತ್ತಿದ್ದ. ಕಂಬದ ಬಳಿ ಲೋಟ ಉರುಳಿದ ಸದ್ದಾಯಿತು. ಕಲ್ಲವ್ವ ಚೆಲ್ಲಿದ ಚಹಾವನ್ನು ಒರೆಸಿ, ಒಲೆಯ ಮೇಲೆ ಏನೋ ಇಟ್ಟು ಬಂದಿದ್ದೇನೆ ಎಂದು ಯಾರಿಗೂ ಕಾಯದೆ ಎದ್ದು ಹೋದಳು.

ಮರುದಿನ ಫಕೀರೇಶ ಭಟ್ಟಿಯ ಹಿಂದೆ ಹೊರಬಿದ್ದ. ದಾರಿ ತಪ್ಪಾಗಿ ಕೇಳಿಸಿಕೊಂಡಿರಬೇಕು ಎಂದು ಮತ್ತೆ ಹೋದ. ಹುಣಸೆಯ ಬೇರು ಸಿಕ್ಕಿತು, ಹಪ್ಪಳದ ಸದ್ದು ಕೇಳಿಸಿತು, ನಿಂತಿತು, ಎಡಗೆನ್ನೆಗೆ ತಂಪು ತಾಗಿತು, ನೆಲ ಏರಿತು. ಏರಿದ ಮೇಲೆ ನೋಡಿದರೆ ಇಟ್ಟಿಗೆಯ ಸಾಲು. ಮೂರನೆಯ ಸಲಕ್ಕೆ ಭಟ್ಟಿಯವರು ನೀರಿನ ಜೊತೆ ಬೆಲ್ಲವನ್ನೂ ಕೊಟ್ಟರಂತೆ. ಹಾಗೆ ಹೊರಬೀಳುವುದರ ಅರ್ಥ ಏನೆಂದು ಊರಿನಲ್ಲಿ ಎಲ್ಲರಿಗೂ ಗೊತ್ತು. ಅವನು ಆ ಜಾಗಕ್ಕೆ ಮೊದಲೇ ಹೋಗಿದ್ದಾನೆ.

ಅಂದಾನೆಪ್ಪ ಇಬ್ಬರನ್ನೂ ಕಚೇರಿಗೆ ಕರೆತಂದ. "ಕೇಳ್ರಿ ಮೇಡಂ, ಇಡೀ ಕಾಡು ಉಳದೈತಿ ಅಂತ ಹೇಳಿದ್ದ ಸನ್ಯಾಸಿ ಇವ! ಜೋಡೀಲೆ ಯಾರಿದ್ರು ಅಂತ ಕೇಳ್ರಿ."

"ಯಾರೂ ಇರಲಿಲ್ರಿ ಮಾವಾರ. ನಾನ ಹೋಗಿಲ್ಲ ಅಂದ್ರ ಜೋಡಿ ಎಲ್ಲಿಂದ ಬರಬೇಕು?" ಫಕೀರೇಶನ ದನಿ ಬಿದ್ದು ಹೋಗಿತ್ತು. ಆಮೇಲೆ ನನ್ನ ಕಡೆ ತಿರುಗಿ, "ನಿದ್ದ್ಯಾಗ ಹೋದರ ಎಣಿಕಿ ಆಗತೈತೇನ್ರಿ?" ಎಂದು ಕೇಳಿದ.

"ನಿದ್ದ್ಯಾಗ ಹೋದಾವ ಎದ್ದು ಮನಿಗೆ ಹೆಂಗ ಬಂದೆಪಾ? ಆಕಿ ಎಬ್ಬಿಸಿದ್ಲೇನು?" ಎಂದ ಅಂದಾನೆಪ್ಪ.

ದ್ರಾಕ್ಷಾಯಣಿ ಕೈ ಎತ್ತಿ ಮಾವನನ್ನು ಸುಮ್ಮನಾಗಿಸಿದಳು. "ಯಾರ ಜೋಡಿ ಹೋಗಿದ್ರು ಅನ್ನೂದು ನನಗ ಬೇಕಾಗಿಲ್ರಿ ಮೇಡಂ. ಮದುವಿಗಿ ಮೊದಲು ಯಾರು ಎಲ್ಲೆಲ್ಲಿ ಅಡ್ಡಾಡಿರತಾರ, ಅದು ಅವರದು. ಆದರ ನಿಮ್ಮ ಮುಂದ, ನನ್ನ ಮುಂದ ಹೋಗಿಲ್ಲ ಅಂದ್ರಲ್ಲ? ಹೌದು, ಹೋಗಿದ್ನಿ ಅಂದಿದ್ರ ಬ್ಯಾರೆ ಜಾಗ ನೋಡತಿದ್ನಿ, ಅಷ್ಟ. ಕಾಡು ಮುಚ್ಚೂತನ ಕಾಯತೀನಿ. ಅಷ್ಟರಾಗ ಖರೇ ಹೇಳಿದ್ರ ಸೈ. ಇಲ್ಲಾಂದ್ರ ನನ್ನ ದಾರಿ ನನಗ." ಅವಳು ಅವನ ಮುಖ ನೋಡಲಿಲ್ಲ. ಅವನು ಅವಳ ಮುಖ ಬಿಟ್ಟು ಬೇರೇನೂ ನೋಡಲಿಲ್ಲ. ಹೇಳಲು ಖರೇ ಎನ್ನುವುದು ಇದ್ದರೆ ಆ ಕ್ಷಣವೇ ಹೇಳಿಬಿಡುತ್ತಿದ್ದ ಎಂದು ನನಗೆ ಅನ್ನಿಸಿತು. ಆದರೆ ಅನ್ನಿಸುವುದು ಸಾಕ್ಷ್ಯವಲ್ಲ. ಸಾಕ್ಷ್ಯವೆಲ್ಲ ಭಟ್ಟಿಯ ಕಡೆಯೇ ಇತ್ತು. ಸುಳ್ಳು ಹೇಳಿಕೆಯ ನೋಟೀಸು ಬರೆದು ಅವನಿಗೆ ಕೊಟ್ಟೆ. ಅವನು ಅದನ್ನು ಓದಲು ಕಣ್ಣಿಗೆ ತೀರ ಹತ್ತಿರ ಹಿಡಿದ, ಆಮೇಲೆ ಮಡಿಸಿ ಜೇಬಿಗಿಟ್ಟುಕೊಂಡ.

ಕಾಡು ಒಣಗುತ್ತ ಬಂತು. ಬೆಂಕಿ ಹರಡದಂತೆ ತರಗೆಲೆ ಗುಡಿಸುವ ಕೂಲಿಗಳು ಬಂಡಿದಾರಿಯ ಎರಡೂ ಬದಿ ಕೆಲಸ ಶುರು ಮಾಡಿದರು. ಶುಕ್ರವಾರ ಜಮಾಲಸಾಬ ನಮಾಜಿಗೆ ಹೋಗಿದ್ದ ಹೊತ್ತಿನಲ್ಲಿ ಕಲ್ಲವ್ವ ಬಂದಳು. ತಲೆಯ ಮೇಲೆ ರೊಟ್ಟಿಯ ಬುಟ್ಟಿ. ಅದನ್ನು ಇಳಿಸಲಿಲ್ಲ, ಕೂರಲಿಲ್ಲ.

"ಅಕ್ಕಾರ, ಆ ಹುಡುಗಿ ಉಳಿಸಿಕೊಂಡಾಳಲ್ಲ ಒಳಗುರುತು, ಅದನ್ನ ನಾ ಹೇಳಲೇನು?" ಎಂದಳು.

ಅದು ನನಗೂ ಗೊತ್ತಿಲ್ಲ, ದ್ರಾಕ್ಷಾಯಣಿಗೆ ಮಾತ್ರ ಗೊತ್ತು ಎಂದೆ. "ಹಂಗಾರ ಆಕಿನ್ನ ಕರಸ್ರಿ. ಒಮ್ಮೆ ಹೇಳತೀನಿ. ಎರಡು ಸಲ ಹೇಳೂ ಶಕ್ತಿ ಇಲ್ಲ ನನಗ."

ಜಮಾಲಸಾಬ ಬಂದೊಡನೆ ಸೈಕಲ್ಲಿನಲ್ಲಿ ಕಳಿಸಿದೆ. ದ್ರಾಕ್ಷಾಯಣಿ ಅಂಗಡಿಯಿಂದ ನೇರವಾಗಿ ಬಂದಳು, ಹಿಂದೆಯೇ ಅಂದಾನೆಪ್ಪ ಏದುಸಿರು ಬಿಡುತ್ತ ಬಂದ. ಕಲ್ಲವ್ವ ಆಗ ಬುಟ್ಟಿ ಇಳಿಸಿದಳು. ಗೋಡೆಯನ್ನು ನೋಡುತ್ತ ಹೇಳತೊಡಗಿದಳು.

"ಮತ್ತಿಮರದ ಹಿಂದ ನೆಲದಾಗ ಒಂದು ಹಾಸುಬಂಡಿ ಐತಿ. ಅದರಾಗ ಒಂದು ಕುಳಿ. ಯಾರೂ ಕಡದಿದ್ದಲ್ಲ, ತಾನಾಗಿ ಆಗಿದ್ದು. ತೊಟ್ಟಿಲ ಎಷ್ಟು ಇರತೈತಿ, ಅಷ್ಟ. ತಲಿ ಕಡೆ ಎತ್ತರ, ಕಾಲ ಕಡೆ ತಗ್ಗು, ತಗ್ಗಿನಾಗ ಒಂದು ಬೊಗಸಿ ನೀರು. ಬಾಜೂಕ ಎಲ್ಲಾ ಒಣಗಿದ್ರೂ ಆ ನೀರು ಇರತೈತಿ. ಹೌದಲ್ಲವಾ?"

ದ್ರಾಕ್ಷಾಯಣಿ ನನ್ನ ಮೇಜಿನ ಅಂಚು ಹಿಡಿದುಕೊಂಡಳು. ಉತ್ತರ ಅದೇ ಆಗಿತ್ತು.

"ಗಂಡನ ಮನಿಯಾಗ ಕಟಗಿ ಮುಗದಿತ್ತು. ದಿನ ತುಂಬಿತ್ತು ನನಗ. ಆದರ ಕಟಗಿ ಇಲ್ಲಾಂದ್ರ ಅತ್ತಿ ಬಾಯಿ ಮುಂದ ಯಾರು ನಿಲ್ಲತಾರ? ಬಂಡಿದಾರಿ ಮ್ಯಾಲ ಆಯ್ಕೋಂತ ಹೋದ್ನಿ. ಕೆಳಗ ಒಂದು ಚಲೋ ಒಣ ಟೊಂಗಿ ಕಂಡಿತು. ಒಂದ ಟೊಂಗಿ, ಏನಾಗತೈತಿ ಅಂತ ಇಳದ್ನಿ. ಅದರ ಹಿಂದ ಇನ್ನೊಂದು ಕಂಡಿತು. ಹಂಗ ಹೋಗ್ತಾ ಹೋಗ್ತಾ ನೋವು ಹತ್ತಿತು. ಮತ್ತಿಮರ ತಬ್ಬಿಕೊಂಡು ಹಡದ್ನಿ ಅಕ್ಕಾರ. ಕುಡಗೋಲು ಇತ್ತು, ಹೊಕ್ಕಳ ಹುರಿ ಕೊಯ್ದ್ನಿ. ಆ ನೀರಾಗ ಕೂಸಿನ ಮೈ ತೊಳದು, ಆ ಕುಳ್ಯಾಗ ಮಲಗಿಸಿ, ನಾನೂ ಬಾಜೂಕ ಬಿದ್ಕೊಂಡೆ. ಎದ್ದು ಬಂದು ಬಂಡಿದಾರಿ ಮ್ಯಾಲ ಹಡದೀನಿ ಅಂತ ಎಲ್ಲರಿಗೂ ಹೇಳಿದ್ನಿ. ಅವನಿಗೂ ಅದನ್ನ ಹೇಳೀನಿ. ಬಸುರ್ಯಾಗಿ ಇಳದು ಕೂಸಿನ ಜಾಗ ತಿಂದಾಕಿ ಅನಸ್ಕೊಳ್ಳಾಕ ಧೈರ್ಯ ಸಾಲಲಿಲ್ಲ. ಅದಕ್ಕ ಅವಗ ಸಣ್ಣಾವಿದ್ದಾಗಿಂದ ಬಂಡಿದಾರಿ ಬಿಟ್ಟು ಇಳೀಬ್ಯಾಡ, ಇಳೀಬ್ಯಾಡ ಅಂತ ಹೇಳಿ ಬೆಳಸೀನಿ. ಎಲ್ಲೆರ ಆ ಕಡೆ ಹೋಗಿ ಹೊರಗ ಬಿದ್ದು, ಯಾಕ ಅಂತ ಕೇಳಿಗೀಳ್ಯಾನು ಅಂತ. ಈಕಿ ಅವತ್ತು ದಾರಿ ಹೇಳಿದಾಗ ಕೈಯಾಗಿನ ಲೋಟ ಜಾರಿತು. ಆದರೂ ಕಣ್ಣು ಬಿಡದ ಕೂಸು, ಕಾಡು ಎಣಿಸಿರಾಕಿಲ್ಲ ಅನಕೊಂಡೆ. ಎಣಿಸೇತಿ."

ಹೊರಗೆ ಕೂಲಿಗಳು ಎಲೆ ಎಳೆಯುವ ಸದ್ದು ಬರುತ್ತಿತ್ತು. ದ್ರಾಕ್ಷಾಯಣಿ ನೆಲದ ಮೇಲೆ ಕಲ್ಲವ್ವನ ಎದುರು ಕೂತಳು. ಡಬ್ಬಿ ಬಂದು ಸೇರುವವರೆಗೆ ಹುಡುಗಿ ಅತ್ತೆಯನ್ನು ಅತ್ತೆ ಎಂದು ಕರೆಯುವ ರೂಢಿ ಈ ಊರಿನಲ್ಲಿಲ್ಲ. ಅಲ್ಲಿಯವರೆಗೂ ಅವಳು ಕಲ್ಲವ್ವಾರ ಎಂದೇ ಕರೆಯುತ್ತಿದ್ದಳು. "ಅತ್ತಿ," ಎಂದಳು. "ಆ ಕುಳ್ಯಾಗ ಕಾಲು ಇಳಿಬಿಟ್ಟು ಕುಂತಿದ್ನಿ ನಾನು. ಇಷ್ಟು ಚಲೋ ಜಾಗ ಯಾರಿಗೂ ಗೊತ್ತಿಲ್ಲ, ಇವರಿಗೆ ಮೊದಲು ನಾನ ತೋರಸಬೇಕು ಅಂತ ಕುಣದಾಡಕೋತ ಬಂದೆ." ನಗುತ್ತಿದ್ದಳೋ ಅಳುತ್ತಿದ್ದಳೋ ನಾನಿದ್ದ ಕಡೆಯಿಂದ ತಿಳಿಯಲಿಲ್ಲ. "ಮಾವಾ, ಹೋಗಿ ಅವರನ್ನ ಕರಕೊಂಡು ಬಾ. ನೀನ ಹೋಗು. ಸನ್ಯಾಸಿ ಅಂದಿದ್ದು ನೀನು."

ಫಕೀರೇಶ ಬಂದಾಗ ಅಂಗಿಯ ತುಂಬ ಸ್ಪಂಜಿನ ಚೂರು ಅಂಟಿತ್ತು. ಅಂದಾನೆಪ್ಪ ದಾರಿಯಲ್ಲೇ ಎಲ್ಲ ಹೇಳಿದ್ದ ಎಂದು ಕಾಣುತ್ತದೆ. ಅವನು ತಾಯಿಯ ಮುಂದೆ ಬಂದು ನಿಂತ. "ನನಗೊಬ್ಬಗರ ಹೇಳಬೇಕಿತ್ತು ಯವ್ವಾ," ಎಂದ.

"ನಿನ್ನ ಪಾಲಿಂದು ನಾ ಖರ್ಚು ಮಾಡೀನಿ ಅಂತ ನಿನಗ ಹೆಂಗ ಹೇಳಲೋ? ಒಂದು ಟೊಂಗಿ ಆಸೇಕ," ಎಂದಳು ಕಲ್ಲವ್ವ.

ಸುಳ್ಳು ಹೇಳಿಕೆಯ ನೋಟೀಸನ್ನು ನಾನು ಅಲ್ಲೇ ವಾಪಸು ತೆಗೆದುಕೊಂಡೆ. ಗೊತ್ತಿಲ್ಲದ್ದನ್ನು ಇಲ್ಲ ಎಂದವನು ಸುಳ್ಳುಗಾರನಲ್ಲ. ಆದರೆ ಡಬ್ಬಿ ಇನ್ನೂ ಕಾಡಿನಲ್ಲೇ ಇತ್ತು, ಗೇಟು ಮುಚ್ಚುವ ದಿನ ಹತ್ತಿರವಿತ್ತು. "ಶಾಸ್ತ್ರದ ಪ್ರಕಾರ ಅಳಿಯಾನ ತರಬೇಕಲ್ಲ?" ಎಂದು ಅಂದಾನೆಪ್ಪ ಗೊಣಗಿದ, ಮೊದಲಿನ ಗತ್ತಿಲ್ಲದೆ. ದ್ರಾಕ್ಷಾಯಣಿ ತಿರುಗಿದಳು. "ಶಾಸ್ತ್ರ ಅಂದ್ರ ಏನು ಮಾವಾ? ಒಬ್ಬರ ಜಾಗಕ್ಕ ಇನ್ನೊಬ್ಬರು ಹೋಗಿ ಬರೂದು. ನಾ ಹೋಗಿ ಬಂದೀನಿ. ಯಾರೂ ದಾರಿ ಹೇಳಲಾರದ ಹೋಗಿ ಬಂದೀನಿ. ಇನ್ನೇನು ಬೇಕು ನಿನಗ?"

ತರುವವರ ಹೆಸರು ಬದಲಾಯಿಸುವ ಅವಕಾಶ ನಮ್ಮ ನಿಯಮಗಳಲ್ಲಿದೆ. ಯಾರ ಹೆಸರು ಬರೆಯಲಿ ಎಂದು ಕೇಳಿದೆ. ಫಕೀರೇಶ ನನ್ನನ್ನೇ ನೋಡುತ್ತಿದ್ದ. "ನೀವ ಹೋಗ್ರಿ ಮೇಡಂ. ನೀವು ಗಿಡಗಂಟಿ ಓದಿದವರು. ಅವ್ವ ಆವತ್ತು ನೋವಿನಾಗಿದ್ಲು. ಇವರು ಡಬ್ಬಿ ಇಡೂ ಗಡಿಬಿಡ್ಯಾಗಿದ್ರು. ನೀವು ಪುರುಸೊತ್ತಿಲೆ ನೋಡಿ ಬಂದು ಹೇಳ್ರಿ. ನಾ ಹುಟ್ಟಿದ ಜಾಗ ಹೆಂಗೈತಿ ಅಂತ ನನಗ ಯಾರರ ಒಬ್ಬರು ಪೂರ್ತಿ ಹೇಳಬೇಕು."

ಮರುದಿನ ಬೆಳಿಗ್ಗೆ ಹೊರಟೆ. ಹುಣಸೆಯ ಬೇರಿನ ಬೆನ್ನಿನ ಕಡೆ ಇಳಿದೆ. ಎಲೆಗಳು ಹಪ್ಪಳದಂತೆಯೇ ಮುರಿದವು. ಎಡಗೆನ್ನೆಗೆ ತಂಪು ತಾಗಿತು. ಅವಳು ಹೇಳಿದ್ದರಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ. ಮತ್ತಿಮರದ ಕವಲಿನ ನಡುವೆ ಹಾಯ್ದಾಗ ಬಂಡೆ ಕಂಡಿತು, ಕುಳಿ ಕಂಡಿತು, ಕುಳಿಯ ತಲೆಯ ಬಳಿ ಡಬ್ಬಿ. ಡಬ್ಬಿಯನ್ನು ಮುಟ್ಟದೆ ಮೊದಲು ಸುತ್ತ ನೋಡಿದೆ. ಹಿಂದೆಂದೂ ಯಾವ ಜಾಗವನ್ನೂ ಹಾಗೆ ನೋಡಿರಲಿಲ್ಲ. ಬಂಡೆಯ ಮೇಲಿನ ಕಲ್ಲುಹೂವುಗಳ ಬಣ್ಣಗಳನ್ನು ಬೇರೆಬೇರೆಯಾಗಿ ಗುರುತಿಸಿದೆ. ನೀರಿನಲ್ಲಿ ಸೊಳ್ಳೆಮರಿಗಳಿದ್ದವು, ಅವನ್ನು ತಿನ್ನಲು ಬಂದ ಒಂದು ಪುಟ್ಟ ಕಪ್ಪೆ ಇತ್ತು. ಮರದ ಬುಡದಲ್ಲಿ ತೊಗಟೆಯ ಒಂದು ಪಟ್ಟಿ ಸವೆದು ನುಣುಪಾಗಿತ್ತು. ಜಿಂಕೆ ಮೈ ಉಜ್ಜಿದ್ದೋ, ಹೆಂಗಸೊಬ್ಬಳು ತಬ್ಬಿದ್ದೋ ಹೇಳಲಾರೆ. ಮೊದಲನೆಯದೇ ಇರಬೇಕು, ತೊಗಟೆ ಇಷ್ಟು ವರ್ಷ ಸವೆದೇ ಉಳಿಯುವುದಿಲ್ಲ. ಕುಳಿಯ ಉದ್ದಗಲ ಗೇಣಿನಿಂದ ಅಳೆದೆ, ನೀರಿಗೆ ಬೆರಳು ಅದ್ದಿದೆ. ಎದ್ದು ಬರುವಾಗ ತಿರುಗಿ ನೋಡಿದೆ. ಅಂಥ ಜಾಗಗಳಿಂದ ಹೊರಡುವಾಗ ಈ ಊರಿನವರು ತಿರುಗಿ ನೋಡುವುದಿಲ್ಲ. ನನಗೆ ಇನ್ನೂ ಆ ಅಭ್ಯಾಸ ಆಗಿಲ್ಲ.

ಸಂಜೆ ಪಡಸಾಲೆಯಲ್ಲಿ ಅವರೆಲ್ಲ ಕಾದಿದ್ದರು. ಡಬ್ಬಿಯನ್ನು ದ್ರಾಕ್ಷಾಯಣಿಯ ಕೈಗೆ ಕೊಟ್ಟೆ, ಅವಳು ಅವನ ಕೈಗೆ ಕೊಟ್ಟಳು. ಮುಚ್ಚಳ ತೆಗೆದರೆ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿದ ಕನ್ನಡಕ. "ಸೂಜಿಗೆ ದಾರ ಪೋಣಸುವಾಗ ಕೈ ಎಷ್ಟು ಹತ್ರ ತರತೀರಿ ಅಂತ ನೋಡಿದ್ನಿ. ನಂಬರ ಅಂದಾಜು ಮಾಡೀನಿ," ಎಂದಳು. ನಾನು ಗಾಜಿನ ನಿಯಮವನ್ನು ನೆನಪಿಸಿಕೊಂಡು ಕೆಮ್ಮಿದೆ. "ಫೈಬರ್ ಐತ್ರಿ ಮೇಡಂ, ಗಾಜಲ್ಲ," ಎಂದು ಅವಳು ತಟ್ಟನೆ ಹೇಳಿದಳು. ಬಿಸಿಲು ಹಾಯುವುದಕ್ಕೆ ಗಾಜೋ ಫೈಬರೋ ಎಂಬ ಭೇದವಿಲ್ಲ. ಅದನ್ನು ಆ ದಿನ ನಾನು ಹೇಳಲಿಲ್ಲ.

ಅವನು ಕನ್ನಡಕ ಹಾಕಿಕೊಂಡು ನನ್ನೆದುರು ಕೂತ. ನಾನು ಕಂಡಿದ್ದನ್ನೆಲ್ಲ ಹೇಳಿದೆ. ಕುಳಿ ಎರಡೂವರೆ ಗೇಣು ಉದ್ದ ಎಂದರೆ ಕಲ್ಲವ್ವ, "ಇಲ್ರಿ, ದೊಡ್ಡದಿತ್ತು, ಇವನ ಕಾಲ ಕಡೆ ಇನ್ನೂ ಜಾಗ ಉಳದಿತ್ತು," ಎಂದಳು. ನೀರು ಕಂದು ಎಂದೆ. ದ್ರಾಕ್ಷಾಯಣಿ ತನಗೆ ಹಸಿರು ಕಂಡಿತ್ತು ಎಂದಳು. ಕಲ್ಲವ್ವ ಆಗ ಅದು ತಿಳಿಯಾಗಿತ್ತು, ತಳದ ಹರಳು ಕಾಣುತ್ತಿತ್ತು ಎಂದಳು. ಮೂರು ಜನ, ಮೂರು ಕಾಲ, ಒಂದೇ ಜಾಗ. ಗೂಟ ಮತ್ತು ದಾರ ಹಿಡಿದು ಹೋದ ದಿನದಿಂದ ನಾನು ಈ ಕಾಡಿನಲ್ಲಿ ಹುಡುಕುತ್ತಿದ್ದುದು ಇದನ್ನೇ ಎಂದು ಆಗ ಹೊಳೆಯಿತು. ಒಬ್ಬಳೇ ಮೂರು ಸಲ ಹೋಗಬೇಕಾಗಿರಲಿಲ್ಲ. ಫಕೀರೇಶ ಮೂವರ ಮುಖವನ್ನೂ ನೋಡುತ್ತ, ಬೆರಳಿನಿಂದ ತೊಡೆಯ ಮೇಲೆ ಗೆರೆ ಎಳೆಯುತ್ತಿದ್ದ. ತುಂಡುಗಳನ್ನು ಕೂಡಿಸಿ ಹೊಲಿಯುವುದು ಅವನಿಗೆ ಹೊಸತಲ್ಲ.

ಕೊನೆಗೆ ಅವನು ಒಂದು ಪ್ರಶ್ನೆ ಕೇಳಿದ. "ಕುಳ್ಯಾಗ ಅಂಗಾತ ಮಲಗಿ ಮ್ಯಾಲ ನೋಡಿದ್ರ ಏನು ಕಾಣತೈತಿ?"

"ನಾ ನಿನ್ನನ್ನ ನೋಡಕೋತ ಬಿದ್ದಿದ್ನಿ," ಎಂದಳು ಕಲ್ಲವ್ವ. ದ್ರಾಕ್ಷಾಯಣಿ ನೀರಿನಲ್ಲಿ ತನ್ನ ಕಾಲು ನೋಡುತ್ತ ಕೂತಿದ್ದಳಂತೆ. ನಾನು ಕಲ್ಲುಹೂವು, ಕಪ್ಪೆ, ಗೇಣಿನ ಲೆಕ್ಕ ಎಲ್ಲ ಮಾಡಿದ್ದೆ. ತಲೆಯೆತ್ತಿ ಮೇಲೆ ನೋಡಿರಲಿಲ್ಲ. ಇನ್ನು ನೋಡುವಂತೆಯೂ ಇಲ್ಲ. ತಪ್ಪಿಗೆ ಕ್ಷಮೆ ಕೇಳುವ ಹಾಗೆ ಅವನಿಗೆ ಅದನ್ನು ಹೇಳಿದೆ.

ಅಂದಾನೆಪ್ಪ ಗಂಟಲು ಸರಿಮಾಡಿಕೊಂಡ. "ನಾ ಇನ್ನೂ ಹೋಗಿಲ್ಲ. ನಾಳೆ ನಸುಕಿನ್ಯಾಗ ಹೋಗಿ, ಮಲಗಿ, ನೋಡಿ ಬರತೀನಿ. ಗೇಟು ಮುಚ್ಚೂದ್ರಾಗ ಒಂದು ದಿನ ಐತಲ್ಲ."

"ನಿಮ್ಮ ಮೈ ಆ ಕುಳ್ಯಾಗ ಹಿಡಿಸಬೇಕಲ್ರಿ ಸಾವ್ಕಾರ್ರ," ಎಂದ ಜಮಾಲಸಾಬ ಬಾಗಿಲಿನಿಂದ.

"ತಲಿ ಒಂದರ ಇಡತೀನಿ. ಹುಡುಗನ ಮನಸ್ಸಿನ್ಯಾಗ ಉಳೀಬಾರದು." ಅವನ ದನಿಯಲ್ಲಿ ಚೇಷ್ಟೆಯಿರಲಿಲ್ಲ. ನನ್ನ ಮೇಜಿನ ಕಡೆ ಹೆಜ್ಜೆಯನ್ನೂ ಹಾಕಿದ.

ಫಕೀರೇಶ ಎದ್ದು ಅವನ ತೋಳು ಹಿಡಿದ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡ. "ಬ್ಯಾಡ್ರಿ ಮಾವಾರ," ಎಂದ. "ಅದನ್ನ ನಾ ನೋಡೀನಿ."

ಕಲ್ಲವ್ವ ಮಗನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಬುಟ್ಟಿಯ ಬಟ್ಟೆ ಸರಿಸಿ ನಮಗೆಲ್ಲ ಒಂದೊಂದು ರೊಟ್ಟಿ ಕೊಟ್ಟಳು. ತರುವವರ ಹೆಸರು ಬದಲಾದ ಪರವಾನಗಿಯನ್ನು ಮುಗಿಸುವಾಗ ಮೊದಲಿನವರ ಹೇಳಿಕೆಯನ್ನು ಇನ್ನೊಮ್ಮೆ ಕೇಳಿ ತಿದ್ದಬೇಕು, ಅದು ನಿಯಮ. ಆ ಜಾಗಕ್ಕೆ ಈ ಮೊದಲು ಹೋಗಿದ್ದೀರಾ ಎಂದು ಫಕೀರೇಶನನ್ನು ಕೇಳಿದೆ. ಅವನು ಊರಿನವರೆಲ್ಲರ ಹಾಗೆ ಕಣ್ಣು ಮುಚ್ಚಿದ. ಬೇಗ ತೆರೆಯಲಿಲ್ಲ. ನಾನೂ ಅವಸರ ಮಾಡಲಿಲ್ಲ.

"ಹೋಗೀನ್ರಿ," ಎಂದ.